ವೇಗಮಿತಿಯೂ ರಸ್ತೆಯ ಸಾವುಗಳೂ: ಒಂದು ಚಾರಿತ್ರಿಕ ವಿಮರ್ಶೆ

೧. ಪ್ರಶ್ನೆಯ ಸ್ವರೂಪ

ಹೆದ್ದಾರಿಗಳಲ್ಲಿ ವಾಹನಗಳ ವೇಗಕ್ಕೆ ಕಾನೂನಿನ ಮೂಲಕ ಮೇರೆಯನ್ನು ಕಟ್ಟಿದರೆ ಅಪಘಾತದ ಸಾವುಗಳು ಕಡಮೆಯಾಗುವುವೆ ಎಂಬುದು ಮೇಲುನೋಟಕ್ಕೆ ಪ್ರಶ್ನೆಯೇ ಅಲ್ಲವೆಂಬಂತೆ ತೋರುತ್ತದೆ. ವೇಗ ಹೆಚ್ಚಿದಷ್ಟೂ ಆಘಾತ ಹೆಚ್ಚು. ಆಘಾತ ಹೆಚ್ಚಿದಷ್ಟೂ ಪ್ರಾಣಾಪಾಯ ಹೆಚ್ಚು. ಆದುದರಿಂದ ವೇಗವನ್ನು ತಗ್ಗಿಸಿದರೆ ಸಾವೂ ತಗ್ಗಬೇಕು. ಈ ಅನುಮಾನದಲ್ಲಿ ತರ್ಕದೋಷವೇನೂ ಇಲ್ಲ. ಆದರೆ ಶಾಸನಕ್ಕೆ ನೇರವಾಗಿ ಕೈಗೆಟುಕುವುದು ರಸ್ತೆಯ ಬದಿಯ ಫಲಕದ ಮೇಲಿನ ಅಂಕಿ ಮಾತ್ರ. ಆ ಅಂಕಿಗೂ ಓಡುವ ವಾಹನದ ವೇಗಕ್ಕೂ ನಡುವೆ ಚಾಲಕನ ಮನೋಧರ್ಮ, ಪೊಲೀಸರ ಎಚ್ಚರ, ನ್ಯಾಯಸ್ಥಾನದ ದಂಡನೆ, ರಸ್ತೆಯ ರಚನೆ ಇವೆಲ್ಲವೂ ಇವೆ. ವೇಗಕ್ಕೂ ಸಾವಿಗೂ ನಡುವೆ ಮತ್ತೊಂದು ಅಂತರವಿದೆ: ಎದುರಿಗೆ ಬರುವವರು ಯಾರು, ಅವರು ಕಾಲ್ನಡೆಯವರೋ ವಾಹನದೊಳಗಿನವರೋ, ಬೆಳಕು ಎಷ್ಟು, ಆಸ್ಪತ್ರೆ ಎಷ್ಟು ದೂರ ಎಂಬ ಸಂಗತಿಗಳು ಅಲ್ಲಿ ಕೆಲಸಮಾಡುತ್ತವೆ.

ಹೀಗಿರುವುದರಿಂದ ಈ ಪ್ರಶ್ನೆಗೆ ಉತ್ತರವನ್ನು ತರ್ಕದಿಂದಷ್ಟೇ ಪಡೆಯಲಾಗದು. ನಡೆದುಹೋದ ಸಂಗತಿಗಳಿಂದ ಪಡೆಯಬೇಕು. ವೇಗಮಿತಿಯನ್ನು ವಿಧಿಸಿ, ತೆಗೆದುಹಾಕಿ, ಪುನಃ ವಿಧಿಸಿದ ದೇಶಗಳು ಚರಿತ್ರೆಯಲ್ಲಿ ಕೆಲವಿವೆ. ಅವುಗಳಲ್ಲಿ ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅನುಭವವನ್ನು ನಾವು ಇಲ್ಲಿ ಮುಖ್ಯವಾಗಿ ಪರಿಶೀಲಿಸಿ, ಅದರಿಂದ ಎಷ್ಟನ್ನು ನಿಶ್ಚಯವಾಗಿ ಹೇಳಬಹುದು, ಎಷ್ಟನ್ನು ಹೇಳಲಾಗದು ಎಂಬುದನ್ನು ವಿವೇಚಿಸುತ್ತೇವೆ.

೨. ಬ್ರಿಟನ್ನಿನ ಅನುಭವ

ಬ್ರಿಟನ್ನಿನ ವೇಗಮಿತಿಯ ಕಥೆ ಮೋಟಾರು ಕಾರಿಗಿಂತ ಹಳೆಯದು. ಉಗಿಯಂತ್ರದ ಗಾಡಿಗಳು ರಸ್ತೆಗಿಳಿದ ಕಾಲದಲ್ಲಿ, ೧೮೬೫ರ ಶಾಸನವು ಅವುಗಳ ವೇಗವನ್ನು ಹಳ್ಳಿಗಾಡಿನಲ್ಲಿ ಗಂಟೆಗೆ ೪ ಮೈಲಿಗೂ ಊರೊಳಗೆ ೨ ಮೈಲಿಗೂ ಮಿತಗೊಳಿಸಿತು. ಗಾಡಿಯ ಮುಂದೆ ಅರವತ್ತು ಗಜ ದೂರದಲ್ಲಿ ಒಬ್ಬಾತನು ಕೆಂಪು ಬಾವುಟ ಹಿಡಿದು ನಡೆಯಬೇಕೆಂಬ ವಿಧಿಯೂ ಅದರಲ್ಲಿತ್ತು. ೧೮೯೬ರಲ್ಲಿ ಹಗುರವಾದ ಮೋಟಾರು ವಾಹನಗಳಿಗೆ ಈ ಕಟ್ಟಿನಿಂದ ಬಿಡುಗಡೆ ದೊರೆಯಿತು. ಆಗ ಶಾಸನವು ೧೪ ಮೈಲಿಯ ಮೇರೆಯನ್ನು ಇಟ್ಟಿದ್ದರೂ ಆಡಳಿತ ಮಂಡಲಿಯು ಅದನ್ನು ೧೨ಕ್ಕೆ ಇಳಿಸಿತು. ೧೯೦೩ರ ಮೋಟಾರು ಕಾರು ಶಾಸನವು ೨೦ ಮೈಲಿಗೆ ಏರಿಸಿತು.

ಈ ೨೦ ಮೈಲಿಯ ಮಿತಿ ೧೯೩೦ರವರೆಗೆ ಕಾನೂನಿನ ಪುಸ್ತಕದಲ್ಲಿ ಉಳಿಯಿತು. ಆದರೆ ವಾಹನಗಳ ಶಕ್ತಿ ಅಷ್ಟರಲ್ಲಿ ಎಷ್ಟೋ ಪಾಲು ಹೆಚ್ಚಿತ್ತು. ಪೊಲೀಸರು ಪೊದೆಗಳ ಮರೆಯಲ್ಲಿ ನಿಂತು ಗಡಿಯಾರ ಹಿಡಿದು ಕಾರುಗಳ ವೇಗವನ್ನು ಅಳೆಯುತ್ತಿದ್ದರು. ೧೯೦೫ರಲ್ಲಿ ಸ್ಥಾಪಿತವಾದ ಆಟೊಮೊಬೈಲ್ ಅಸೋಸಿಯೇಷನ್ ತನ್ನ ಸೈಕಲ್ ಸವಾರರನ್ನು ಕಳುಹಿಸಿ ಸದಸ್ಯರಿಗೆ ಮುನ್ಸೂಚನೆ ಕೊಡಿಸುತ್ತಿತ್ತು. ಬಹುಮಂದಿ ಪ್ರತಿದಿನವೂ ಮುರಿಯುವ ಶಾಸನವು ಶಾಸನದ ಗೌರವವನ್ನೇ ಕುಗ್ಗಿಸುತ್ತದೆಂಬ ವಾದ ಪ್ರಬಲವಾಯಿತು. ೧೯೨೮ರಲ್ಲಿ ನೇಮಕವಾದ ಸಾರಿಗೆಯ ರಾಯಲ್ ಕಮಿಷನ್ ಮಿತಿಯನ್ನು ರದ್ದುಗೊಳಿಸಬೇಕೆಂದು ಶಿಫಾರಸು ಮಾಡಿತು. ಸಾರಿಗೆ ಸಚಿವ ಹರ್ಬರ್ಟ್ ಮಾರಿಸನ್ ತಂದ ೧೯೩೦ರ ರಸ್ತೆ ಸಂಚಾರ ಶಾಸನದಿಂದ, ೧೯೩೧ರ ಜನವರಿ ೧ರಿಂದ ಸಾಮಾನ್ಯ ಕಾರುಗಳಿಗೆ ಯಾವ ವೇಗಮಿತಿಯೂ ಇಲ್ಲದಂತಾಯಿತು.

ಇನ್ನು ಅಂಕಿಗಳನ್ನು ನೋಡೋಣ. ಬ್ರಿಟನ್ನಿನ ರಸ್ತೆಗಳಲ್ಲಿ ೧೯೨೬ರಲ್ಲಿ ೪,೮೮೬ ಮಂದಿ ಸತ್ತಿದ್ದರು. ೧೯೩೦ರಲ್ಲಿ ಈ ಸಂಖ್ಯೆ ೭,೩೦೫. ಮಿತಿಯನ್ನು ತೆಗೆದ ಮೇಲೆ ೧೯೩೧ರಲ್ಲಿ ಅದು ಏರಲಿಲ್ಲ, ೬,೬೯೧ಕ್ಕೆ ಇಳಿಯಿತು. ೧೯೩೨ರಲ್ಲಿಯೂ ೬,೬೬೭ರಲ್ಲೇ ನಿಂತಿತು. ಇಲ್ಲಿಗೆ ಪುಸ್ತಕವನ್ನು ಮುಚ್ಚಿದರೆ, ಮಿತಿಯಿಲ್ಲದ ರಸ್ತೆಯೇ ಕ್ಷೇಮವೆಂದು ತೀರ್ಮಾನಿಸಬೇಕಾದೀತು. ಆದರೆ ಅದೇ ೧೯೩೦ರ ಶಾಸನವು ಅಪಘಾತಕ್ಕೀಡಾದ ಅನ್ಯರಿಗಾಗಿ ಕಡ್ಡಾಯ ವಿಮೆಯನ್ನೂ ತಂದಿತ್ತು. ಅದರ ಅನ್ವಯ ೧೯೩೧ರಲ್ಲಿ ಹೆದ್ದಾರಿ ಸಂಹಿತೆ ಪ್ರಕಟವಾಯಿತು. ಮೇಲಾಗಿ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಮುಗ್ಗಟ್ಟು ಸಡಿಲಿದಂತೆ ಸಾವುಗಳು ೧೯೩೩ರಲ್ಲಿ ೭,೨೦೨ಕ್ಕೂ ೧೯೩೪ರಲ್ಲಿ ೭,೩೪೩ಕ್ಕೂ ಏರಿದುವು.

ಈ ಏರಿಕೆ ಸಾರ್ವಜನಿಕರನ್ನು ಕಳವಳಗೊಳಿಸಿತು. ೧೯೩೪ರ ಶಾಸನದ ಮೂಲಕ ಜನವಸತಿಯ ಪ್ರದೇಶಗಳಲ್ಲಿ ೩೦ ಮೈಲಿಯ ಮಿತಿ ೧೯೩೫ರ ಮಾರ್ಚ್ ೧೮ರಿಂದ ಜಾರಿಗೆ ಬಂದಿತು. ಆಗ ಸಾರಿಗೆ ಸಚಿವನಾಗಿದ್ದವನು ಲೆಸ್ಲಿ ಹೋರ್-ಬಲೀಷ. ಆ ವರ್ಷದ ಸಾವುಗಳು ೬,೫೦೨. ಎಂದರೆ ಹಿಂದಿನ ವರ್ಷಕ್ಕಿಂತ ೮೪೧ ಕಡಮೆ, ನೂರಕ್ಕೆ ಸುಮಾರು ಹನ್ನೊಂದೂವರೆಯಷ್ಟು ಇಳಿತ. ಇದನ್ನು ಮಿತಿಯ ಫಲವೆಂದು ಕೂಡಲೇ ಸಾರಬಹುದೆ? ೧೯೩೧ರ ಇಳಿತವನ್ನು ಒಪ್ಪದ ನಾವು ೧೯೩೫ರ ಇಳಿತವನ್ನು ಮಾತ್ರ ಒಪ್ಪಿದರೆ ಪಕ್ಷಪಾತವಾಗುತ್ತದೆ. ಅದೇ ವರ್ಷ ಜೂನ್ ೧ರಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಪಾದಚಾರಿಗಳು ದಾಟುವ ಸ್ಥಳಗಳನ್ನು ಗುರುತಿಸಿ ಸಚಿವನ ಹೆಸರಿನಿಂದಲೇ ಪ್ರಸಿದ್ಧವಾದ ದೀಪಸ್ತಂಭಗಳನ್ನು ನಿಲ್ಲಿಸುವ ಕಾರ್ಯವೂ ನಡೆಯಿತು. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟ ವೈದ್ಯನು ರೋಗಿ ಗುಣವಾದಾಗ ಯಾವುದು ಫಲಿಸಿತೆಂದು ಹೇಳಲಾರನು. ಆದರೂ ಒಂದು ಸಂಗತಿ ಗಮನಾರ್ಹವಾಗಿದೆ. ೧೯೩೧ರ ಇಳಿತ ಎರಡು ವರ್ಷಗಳಲ್ಲಿ ಅಳಿಸಿಹೋಯಿತು. ೧೯೩೫ರ ಇಳಿತ ನಿಂತಿತು. ೧೯೩೪ರಲ್ಲಿ ಸುಮಾರು ೨೪ ಲಕ್ಷವಿದ್ದ ವಾಹನಗಳು ೧೯೩೮ರ ವೇಳೆಗೆ ೩೦ ಲಕ್ಷವನ್ನು ಮೀರಿದರೂ ಆ ವರ್ಷದ ಸಾವುಗಳು ೬,೬೪೮.

ಒಂದೇ ಕಾರಣದ ಮೇಲೆ ಭಾರ ಹಾಕುವವರಿಗೆ ಯುದ್ಧಕಾಲದ ಬ್ರಿಟನ್ ಒಂದು ಎಚ್ಚರಿಕೆ. ೧೯೩೯ರ ಸೆಪ್ಟೆಂಬರಿನಲ್ಲಿ ವೈಮಾನಿಕ ದಾಳಿಯ ಭಯದಿಂದ ಬೀದಿದೀಪಗಳನ್ನು ಆರಿಸಲಾಯಿತು. ಪೆಟ್ರೋಲಿಗೆ ಪಡಿತರ ಬಂದು ಖಾಸಗಿ ಕಾರುಗಳ ಓಡಾಟ ಕುಗ್ಗಿತು. ೧೯೪೦ರ ಫೆಬ್ರವರಿಯಿಂದ ಊರೊಳಗಿನ ರಾತ್ರಿಯ ವೇಗವನ್ನು ೨೦ ಮೈಲಿಗೆ ಇಳಿಸಲಾಯಿತು. ಹೀಗಿದ್ದರೂ ಸಾವುಗಳು ೧೯೪೦ರಲ್ಲಿ ೮,೬೦೯ಕ್ಕೂ ೧೯೪೧ರಲ್ಲಿ ೯,೧೬೯ಕ್ಕೂ ಏರಿದುವು. ಆ ದೇಶದ ಚರಿತ್ರೆಯಲ್ಲೇ ಇದು ಅತ್ಯಧಿಕ. ವೇಗದ ಮಿತಿ ತಗ್ಗಿತ್ತು, ವಾಹನಗಳು ಕಡಮೆಯಾಗಿದ್ದುವು. ಆದರೆ ಕತ್ತಲೆ ಎರಡನ್ನೂ ಮೀರಿತು.

ಯುದ್ಧಾನಂತರ ಹುಟ್ಟಿದ ಮೋಟಾರುಮಾರ್ಗಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಎಂ-೧ ಮಾರ್ಗವು ೧೯೫೯ರ ನವೆಂಬರಿನಲ್ಲಿ ತೆರೆದಾಗ ಅದಕ್ಕೆ ವೇಗಮಿತಿಯಿರಲಿಲ್ಲ. ಮಂಜು ಮುಸುಕಿದಾಗ ಸಾಲುಸಾಲಾಗಿ ಡಿಕ್ಕಿಗಳು ಸಂಭವಿಸಿದ ಮೇಲೆ ೧೯೬೫ರ ಡಿಸೆಂಬರ್ ೨೨ರಿಂದ ೭೦ ಮೈಲಿಯ ಮಿತಿಯನ್ನು ಪ್ರಾಯೋಗಿಕವಾಗಿ ವಿಧಿಸಲಾಯಿತು. ರಸ್ತೆ ಸಂಶೋಧನಾಲಯವು ಮೋಟಾರುಮಾರ್ಗಗಳಲ್ಲಿ ಅಪಘಾತಗಳು ಇಳಿದುದನ್ನು ವರದಿಮಾಡಿದ ಬಳಿಕ ೧೯೬೭ರಲ್ಲಿ ಸಚಿವೆ ಬಾರ್ಬರಾ ಕಾಸಲ್ ಅದನ್ನು ಸ್ಥಿರಗೊಳಿಸಿದಳು. ಇದೇ ಅವಧಿಯಲ್ಲಿ, ೧೯೬೬ರಲ್ಲಿ, ದೇಶದ ಒಟ್ಟು ಸಾವುಗಳು ೭,೯೮೫. ಶಾಂತಿಕಾಲದ ಅತಿ ಹೆಚ್ಚಿನ ಸಂಖ್ಯೆ. ಇದು ವಿರೋಧಾಭಾಸವಲ್ಲ. ಆಗ ಒಟ್ಟು ಸಂಚಾರದಲ್ಲಿ ಮೋಟಾರುಮಾರ್ಗಗಳ ಪಾಲು ಅತ್ಯಲ್ಪವಾಗಿತ್ತು. ಅಲ್ಲಿನ ಲಾಭ ದೇಶದ ಮೊತ್ತದಲ್ಲಿ ಕಾಣುವಷ್ಟಿರಲಿಲ್ಲ. ಒಂದು ಕ್ರಮವನ್ನು ಅದು ಅನ್ವಯವಾದ ರಸ್ತೆಯಲ್ಲಿಯೇ ಅಳೆಯಬೇಕೆಂಬ ನಿಯಮ ಇದರಿಂದ ಸಿದ್ಧವಾಗುತ್ತದೆ.

೩. ಅಮೆರಿಕದ ೫೫ ಮೈಲಿಯ ಶಾಸನ

ಅಮೆರಿಕದಲ್ಲಿ ವೇಗಮಿತಿ ಬಹುಕಾಲ ಆಯಾ ರಾಜ್ಯಗಳ ಅಧಿಕಾರದಲ್ಲಿತ್ತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ನಿರ್ಬಂಧವನ್ನು ಹೂಡಿದುವು. ಇಂಧನವನ್ನು ಉಳಿಸುವ ಉದ್ದೇಶದಿಂದ ಕಾಂಗ್ರೆಸ್ಸು ರಚಿಸಿದ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ ೧೯೭೪ರ ಜನವರಿ ೨ರಂದು ಅಂಕಿತ ಹಾಕಿದನು. ಗಂಟೆಗೆ ೫೫ ಮೈಲಿಯ ಮಿತಿಯನ್ನು ಒಪ್ಪದ ರಾಜ್ಯಗಳಿಗೆ ಹೆದ್ದಾರಿಯ ಅನುದಾನವಿಲ್ಲವೆಂಬುದು ಅದರ ಬಲ. ಪ್ರಾಣರಕ್ಷಣೆ ಆ ಶಾಸನದ ಮೂಲೋದ್ದೇಶವಾಗಿರಲಿಲ್ಲ ಎಂಬುದು ಚರಿತ್ರಕಾರನಿಗೆ ಅನುಕೂಲವಾದ ಸಂಗತಿ. ಸಾವುಗಳು ವಿಪರೀತವಾಗಿ ಏರಿದ ವರ್ಷದ ಮಾರನೆಯ ವರ್ಷ ಅವು ತಾವಾಗಿಯೇ ಸ್ವಲ್ಪ ಇಳಿಯುವುದುಂಟು. ಅಂಥ ಏರಿಕೆಗೆ ಹೆದರಿ ವಿಧಿಸಿದ ಮಿತಿಗೆ ಈ ಸಹಜವಾದ ಇಳಿತದ ಕೀರ್ತಿಯೂ ಸಲ್ಲುವ ಅಪಾಯವಿದೆ. ಇಲ್ಲಿ ಆ ಅಪಾಯ ಕಡಮೆ.

ಫಲವು ಎಲ್ಲರನ್ನೂ ಬೆರಗುಗೊಳಿಸಿತು. ೧೯೭೩ರಲ್ಲಿ ೫೪,೦೫೨ ಇದ್ದ ಸಾವುಗಳು ೧೯೭೪ರಲ್ಲಿ ೪೫,೧೯೬ಕ್ಕೆ ಇಳಿದುವು. ಒಂದೇ ವರ್ಷದಲ್ಲಿ ಸುಮಾರು ಒಂಬತ್ತು ಸಾವಿರ ಪ್ರಾಣಗಳು, ನೂರಕ್ಕೆ ಹದಿನಾರರಷ್ಟು ಇಳಿತ. ತೈಲದ ಅಭಾವದಿಂದ ಜನರು ಕಡಮೆ ಸಂಚರಿಸಿದುದೇ ಕಾರಣವೆಂದರೆ, ಒಟ್ಟು ಸಂಚಾರದ ದೂರ ಇಳಿದುದು ನೂರಕ್ಕೆ ಮೂರಕ್ಕಿಂತಲೂ ಕಡಮೆ. ಗ್ರಾಮಾಂತರದ ಅಂತರರಾಜ್ಯ ಹೆದ್ದಾರಿಗಳಲ್ಲಿ ಸರಾಸರಿ ವೇಗ ಸುಮಾರು ೬೫ ಮೈಲಿಯಿಂದ ೫೮ ಮೈಲಿಯ ಆಸುಪಾಸಿಗೆ ಬಂದಿತ್ತು.

ಹತ್ತು ವರ್ಷಗಳ ಮೇಲೆ, ೧೯೮೪ರಲ್ಲಿ, ರಾಷ್ಟ್ರೀಯ ಸಂಶೋಧನಾ ಮಂಡಲಿಯ ಅಂಗವಾದ ಸಾರಿಗೆ ಸಂಶೋಧನಾ ಮಂಡಲಿ ಇದನ್ನು ಕೂಲಂಕಷವಾಗಿ ವಿಮರ್ಶಿಸಿತು. ೧೯೭೪ರ ಇಳಿತದಲ್ಲಿ ವೇಗಮಿತಿಗೆ ಸಲ್ಲಬೇಕಾದುದು ೩,೦೦೦ದಿಂದ ೫,೦೦೦ ಪ್ರಾಣಗಳು ಎಂದು ಅದರ ಅಂದಾಜು; ೧೯೮೩ರ ಮಟ್ಟಿಗೆ ೨,೦೦೦ದಿಂದ ೪,೦೦೦. ಎಂದರೆ ಕಣ್ಣಿಗೆ ಕಂಡ ಇಳಿತದಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧಕ್ಕಿಂತ ತುಸು ಹೆಚ್ಚಿನವರೆಗೆ ಮಾತ್ರ ಮಿತಿಯದು. ಉಳಿದುದು ಸಂಚಾರದ ಇಳಿತ, ವಿಹಾರದ ಪಯಣಗಳ ಇಳಿತ ಮುಂತಾದುವುಗಳದು. ಇದೇ ಮಂಡಲಿ ಮಿತಿಯ ಬೆಲೆಯನ್ನೂ ಲೆಕ್ಕಹಾಕಿ, ಜನರು ವರ್ಷಕ್ಕೆ ಸುಮಾರು ನೂರು ಕೋಟಿ ಗಂಟೆಗಳನ್ನು ಹೆಚ್ಚಾಗಿ ರಸ್ತೆಯಲ್ಲಿ ಕಳೆಯಬೇಕಾಯಿತೆಂದು ತೋರಿಸಿತು. ಲಾಭವನ್ನು ಉಬ್ಬಿಸದೆ, ನಷ್ಟವನ್ನು ಅಡಗಿಸದೆ ಮಾಡಿದ ಈ ವಿಮರ್ಶೆ ಮಾದರಿಯೆನಿಸತಕ್ಕುದು.

೪. ಪೂರ್ವಪಕ್ಷ

ವೇಗಮಿತಿಯನ್ನು ವಿರೋಧಿಸುವವರೆಲ್ಲರೂ ವೇಗದ ಹುಚ್ಚಿನವರಲ್ಲ. ಅವರಲ್ಲಿ ವಿದ್ವಾಂಸರೂ ಇದ್ದಾರೆ. ಅವರ ವಾದವನ್ನು ನ್ಯಾಯವಾಗಿ ಮಂಡಿಸುವುದು ನಮ್ಮ ಕರ್ತವ್ಯ.

ಮೊದಲನೆಯ ವಾದ: ಕೊಲ್ಲುವುದು ವೇಗವಲ್ಲ, ವೇಗಗಳ ವೈಷಮ್ಯ. ೧೯೬೪ರಲ್ಲಿ ಡೇವಿಡ್ ಸಾಲೊಮನ್ ಅಮೆರಿಕದ ೧೧ ರಾಜ್ಯಗಳ ಗ್ರಾಮಾಂತರ ಹೆದ್ದಾರಿಗಳನ್ನು ಅಭ್ಯಸಿಸಿ, ಸರಾಸರಿಗಿಂತ ಬಹಳ ವೇಗವಾಗಿ ಹೋಗುವವರಂತೆ ಬಹಳ ನಿಧಾನವಾಗಿ ಹೋಗುವವರೂ ಹೆಚ್ಚಾಗಿ ಅಪಘಾತಕ್ಕೆ ಸಿಲುಕುವರೆಂದು ತೋರಿಸಿದನು. ೧೯೮೫ರಲ್ಲಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಲೇವ್ ಇದನ್ನು ಮುಂದುವರಿಸಿ, ರಾಜ್ಯಗಳ ಅಂಕಿಗಳಲ್ಲಿ ಸರಾಸರಿ ವೇಗಕ್ಕಿಂತ ವೇಗಗಳ ಅಂತರವೇ ಸಾವಿನೊಡನೆ ಹೆಚ್ಚು ಸಂಬಂಧ ಹೊಂದಿದೆಯೆಂದು ವಾದಿಸಿದನು. ಇದಕ್ಕೆ ಸಮಾಧಾನವೇನೆಂದರೆ: ಸಾಲೊಮನ್ನನ ನಿಧಾನಗಾಮಿಗಳಲ್ಲಿ ಅನೇಕರು ತಿರುವು ತೆಗೆದುಕೊಳ್ಳಲು ಅಥವಾ ಅಡ್ಡರಸ್ತೆಯಿಂದ ಸೇರಲು ವೇಗ ತಗ್ಗಿಸಿದವರು, ಅವರ ಅಪಾಯ ತಿರುವಿನದೇ ಹೊರತು ನಿಧಾನದ್ದಲ್ಲ. ೧೯೯೭ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ನಡೆದ ಅಭ್ಯಾಸವು ೬೦ ಕಿಲೋಮೀಟರ್ ಮಿತಿಯ ರಸ್ತೆಗಳಲ್ಲಿ, ೬೦ರ ಮೇಲೆ ಪ್ರತಿ ೫ ಕಿಲೋಮೀಟರಿಗೂ ಗಾಯವುಂಟುಮಾಡುವ ಅಪಘಾತದ ಅಪಾಯ ಸರಿಸುಮಾರು ಇಮ್ಮಡಿಯಾಗುವುದೆಂದು ಕಂಡುಕೊಂಡಿತು. ನಿಧಾನಗಾಮಿಗಳಿಗೆ ಹೆಚ್ಚಿನ ಅಪಾಯವನ್ನು ಅದು ಕಾಣಲಿಲ್ಲ. ಆದರೂ ವೈಷಮ್ಯದ ವಾದದಲ್ಲಿ ಸ್ವಲ್ಪ ಹುರುಳಿದೆ. ಅರ್ಧ ಮಂದಿ ಪಾಲಿಸಿ ಅರ್ಧ ಮಂದಿ ಮುರಿಯುವ ಮಿತಿಯು ವೈಷಮ್ಯವನ್ನು ಹೆಚ್ಚಿಸಬಲ್ಲದು.

ಎರಡನೆಯ ವಾದ: ಲೆಕ್ಕವನ್ನು ಇಡಿಯ ವ್ಯವಸ್ಥೆಗೆ ಹಾಕಬೇಕು. ೧೯೮೭ರಲ್ಲಿ ಗ್ರಾಮಾಂತರದ ಅಂತರರಾಜ್ಯ ಹೆದ್ದಾರಿಗಳಲ್ಲಿ ೬೫ ಮೈಲಿಯವರೆಗೆ ಏರಿಸಲು ಅನುಮತಿ ದೊರೆಯಿತು. ಆ ರಸ್ತೆಗಳಲ್ಲಿ ಸಾವುಗಳು ಹೆಚ್ಚಿದುವೆಂದು ಸರ್ಕಾರದ ವರದಿಗಳು ಹೇಳಿದುವು. ೧೯೯೪ರಲ್ಲಿ ಲೇವ್ ಮತ್ತು ಇಲಿಯಾಸ್ ಇದಕ್ಕೆ ಪ್ರತಿಯಾಗಿ, ಮಿತಿ ಏರಿಸಿದ ರಾಜ್ಯಗಳಲ್ಲಿ ಎಲ್ಲ ರಸ್ತೆಗಳನ್ನೂ ಕೂಡಿಸಿದರೆ ಸಾವಿನ ಪ್ರಮಾಣ ನೂರಕ್ಕೆ ೩.೪ರಿಂದ ೫.೧ರಷ್ಟು ಇಳಿಯಿತೆಂದರು. ಅಪಾಯದ ಪಕ್ಕರಸ್ತೆಗಳನ್ನು ಬಿಟ್ಟು ವಾಹನಗಳು ಹೆದ್ದಾರಿಗೆ ಬಂದುವು, ಪೊಲೀಸರಿಗೆ ಬೇರೆ ಕಡೆ ಗಮನ ಕೊಡಲು ಬಿಡುವಾಯಿತು ಎಂಬುದು ಅವರ ವಿವರಣೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ೧೯೯೫ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಿತಿ ಪೂರ್ತಿಯಾಗಿ ರದ್ದಾದ ಮೇಲಿನ ಅನುಭವ ಈ ವಾದವನ್ನು ದುರ್ಬಲಗೊಳಿಸಿತು. ಲೀ ಫ್ರೀಡ್‌ಮನ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಎಲ್ಲ ಬಗೆಯ ರಸ್ತೆಗಳನ್ನೂ ಗಣನೆಗೆ ತೆಗೆದುಕೊಂಡು, ಮಿತಿಗಳ ಏರಿಕೆಯಿಂದ ಸಾವುಗಳು ನೂರಕ್ಕೆ ೩.೨ರಷ್ಟು ಹೆಚ್ಚಿದುವೆಂದೂ ೧೯೯೫ರಿಂದ ೨೦೦೫ರವರೆಗೆ ಈ ಕಾರಣದಿಂದ ೧೨,೫೪೫ ಮಂದಿ ಸತ್ತರೆಂದೂ ಅಂದಾಜು ಮಾಡಿದರು.

ಮೂರನೆಯ ವಾದ ಜರ್ಮನಿಯದು. ಅಲ್ಲಿನ ಆಟೊಬಾನ್ ಮಾರ್ಗಗಳ ಬಹುಭಾಗದಲ್ಲಿ ಕಾರುಗಳಿಗೆ ಕಡ್ಡಾಯ ಮಿತಿಯಿಲ್ಲ. ಆದರೂ ಆ ದೇಶದ ಇತರ ಗ್ರಾಮಾಂತರ ರಸ್ತೆಗಳಿಗಿಂತ ಅವೇ ಕ್ಷೇಮ. ಇದು ನಿಜ, ಆದರೆ ಹೋಲಿಕೆ ಸರಿಯಲ್ಲ. ಆಟೊಬಾನಿನಲ್ಲಿ ಅಡ್ಡರಸ್ತೆಯಿಲ್ಲ, ಎದುರು ಬರುವ ವಾಹನವಿಲ್ಲ, ಪಾದಚಾರಿಯಿಲ್ಲ. ಪಶ್ಚಿಮ ಜರ್ಮನಿ ೧೯೫೨ರಲ್ಲಿ ಕಾರುಗಳ ವೇಗಮಿತಿಗಳನ್ನು ತೆಗೆದುಹಾಕಿತ್ತು. ಅನುಭವದ ಮೇಲೆ ೧೯೫೭ರಲ್ಲಿ ಊರೊಳಗೆ ೫೦ ಕಿಲೋಮೀಟರ್, ೧೯೭೨ರಲ್ಲಿ ಊರ ಹೊರಗಿನ ಸಾಮಾನ್ಯ ರಸ್ತೆಗಳಲ್ಲಿ ೧೦೦ ಕಿಲೋಮೀಟರ್ ಮಿತಿಗಳನ್ನು ಅದೇ ದೇಶ ಪುನಃ ತಂದಿತು. ಮಿತಿಯಿಲ್ಲದ ರಸ್ತೆಯ ಉದಾಹರಣೆಯಾಗಿ ಜರ್ಮನಿಯನ್ನು ಹೆಸರಿಸುವವರು ಈ ಅರ್ಧವನ್ನು ಮರೆಯುತ್ತಾರೆ.

೫. ಮಿತಿ, ವೇಗ, ಸಾವು

ಇಷ್ಟು ದೇಶಗಳ ಅನುಭವವನ್ನು ಒಂದು ಸೂತ್ರಕ್ಕೆ ತರುವ ಯತ್ನ ಸ್ವೀಡನ್ನಿನಲ್ಲಿ ನಡೆಯಿತು. ೧೯೬೦ರ ದಶಕದ ಕೊನೆಯಿಂದ ಅಲ್ಲಿ ಮಿತಿಗಳನ್ನು ಬದಲಾಯಿಸುತ್ತ ಪರಿಣಾಮವನ್ನು ದಾಖಲಿಸುತ್ತ ಬಂದರು. ಈ ದಾಖಲೆಗಳಿಂದ ಯೋರಾನ್ ನಿಲ್ಸನ್ ಕಂಡುಕೊಂಡ ಸಂಬಂಧ ಹೀಗಿದೆ: ಮಾರಕ ಅಪಘಾತಗಳು ಸರಾಸರಿ ವೇಗದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತವೆ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದೂ, ಚಾಲಕನು ಎಚ್ಚೆತ್ತು ತಡೆ ಒತ್ತುವಷ್ಟರಲ್ಲಿ ಕ್ರಮಿಸುವ ದೂರ ವೇಗದೊಡನೆ ಬೆಳೆಯುವುದೂ ಇದರ ಹಿನ್ನೆಲೆ.

ಇನ್ನೊಂದು ಅನುಭವಸಿದ್ಧವಾದ ಸಂಗತಿಯೆಂದರೆ, ಫಲಕದ ಅಂಕಿಯನ್ನು ಬದಲಾಯಿಸಿದರೆ, ಬೇರೇನೂ ಮಾಡದಿದ್ದಲ್ಲಿ, ವಾಸ್ತವವಾದ ಸರಾಸರಿ ವೇಗ ಸುಮಾರು ಅದರ ಕಾಲು ಭಾಗದಷ್ಟು ಮಾತ್ರ ಬದಲಾಗುತ್ತದೆ. ಇವೆರಡನ್ನೂ ಕೂಡಿಸಿ ನೋಡೋಣ. ಮಿತಿಯನ್ನು ೨೦ ಕಿಲೋಮೀಟರ್ ಇಳಿಸಿದರೆ ವೇಗ ೧೦೦ರಿಂದ ೯೫ಕ್ಕೆ ಇಳಿದೀತು. ಈ ಐದು ಅಂಶದ ಇಳಿತ ಅಲ್ಪವೆಂದು ತೋರಿದರೂ ನಾಲ್ಕನೆಯ ಘಾತದಲ್ಲಿ ಅದು ನೂರಕ್ಕೆ ಸುಮಾರು ೧೮ರಷ್ಟು ಮಾರಕ ಅಪಘಾತಗಳ ಇಳಿತವಾಗುತ್ತದೆ. ಮಿತಿಯ ಪರವಾದವರ ಆಶೆಯಷ್ಟು ವೇಗ ಇಳಿಯುವುದಿಲ್ಲ; ಆದರೆ ವಿರೋಧಿಗಳು ಎಣಿಸುವುದಕ್ಕಿಂತ ಹೆಚ್ಚು ಪ್ರಾಣ ಉಳಿಯುತ್ತದೆ. ಉಭಯಪಕ್ಷಗಳ ವಿವಾದ ಇಷ್ಟು ದೀರ್ಘವಾಗಿ ನಡೆದುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

೬. ನಮ್ಮ ದೇಶದ ಸಂದರ್ಭ

ಭಾರತದಲ್ಲಿ ೧೯೧೪, ೧೯೩೯ ಮತ್ತು ೧೯೮೮ರ ಮೋಟಾರು ವಾಹನ ಶಾಸನಗಳು ಸಾರಿಗೆಯನ್ನು ನಿಯಂತ್ರಿಸುತ್ತ ಬಂದಿವೆ. ೨೦೧೮ರ ಅಧಿಸೂಚನೆಯು ಕಾರುಗಳ ವೇಗವನ್ನು ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿ ೧೨೦ ಕಿಲೋಮೀಟರಿಗೆ ಏರಿಸಿತು; ೨೦೨೧ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧. ಇವರಲ್ಲಿ ನೂರಕ್ಕೆ ೭೧ ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿ ಹೇಳುತ್ತದೆ. ಚರಿತ್ರೆಯ ವಿದ್ಯಾರ್ಥಿಗಳು ಈ ಅಂಕಿಯನ್ನು ಆಕರವಿಮರ್ಶೆಯಿಲ್ಲದೆ ಅಂಗೀಕರಿಸಬಾರದು. ಅದು ಅಪಘಾತದ ಬಳಿಕ ಪೊಲೀಸರು ತುಂಬಿದ ನಮೂನೆಗಳ ಮೊತ್ತ. ಯಂತ್ರವಿಟ್ಟು ಅಳೆದ ವೇಗದ ದಾಖಲೆಯಲ್ಲ. ರಸ್ತೆಯ ದೋಷ, ಬೆಳಕಿನ ಕೊರತೆ ಇವನ್ನು ಬರೆಯುವುದಕ್ಕಿಂತ ಚಾಲಕನ ಅತಿವೇಗವೆಂದು ಬರೆಯುವುದು ಸುಲಭ. ಅದೇ ವರದಿಯಲ್ಲಿ, ಸತ್ತವರ ಪೈಕಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರವಾಹನದವರು, ಸುಮಾರು ಐದನೆಯ ಒಂದು ಪಾಲು ಪಾದಚಾರಿಗಳು ಎಂಬ ಲೆಕ್ಕ ಹೆಚ್ಚು ವಿಶ್ವಾಸಾರ್ಹವಾದುದು. ಏಕೆಂದರೆ ಸತ್ತವನು ಯಾರೆಂಬುದರಲ್ಲಿ ಊಹೆಗೆ ಎಡೆಯಿಲ್ಲ. ವೇಗದ ಬೆಲೆಯನ್ನು ತೆರುವವರು ಬಹುಮಟ್ಟಿಗೆ ವೇಗವನ್ನು ಅನುಭವಿಸದವರು ಎಂಬುದು ಇದರಿಂದ ವಿಶದವಾಗುತ್ತದೆ.

ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಹೊಸ ಮಾರ್ಗ ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾಯಿತು. ಸಾವುಗಳು ಆತಂಕ ಹುಟ್ಟಿಸಿದಾಗ ಪೊಲೀಸರು ರೇಡಾರ್ ಯಂತ್ರಗಳಿಂದ ವೇಗವನ್ನು ಅಳೆದು ದಂಡ ವಿಧಿಸತೊಡಗಿದರು. ಆಗಸ್ಟ್ ೧ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯಮಾರ್ಗದಿಂದ ನಿಷೇಧಿಸಲಾಯಿತು. ಬಳಿಕ ಕ್ಯಾಮೆರಾಗಳೂ ಬಂದುವು. ಸಾವುಗಳು ಗಮನಾರ್ಹವಾಗಿ ಇಳಿದುವು. ಇದರಲ್ಲಿ ವೇಗಮಿತಿಯ ಪಾಲೆಷ್ಟು, ನಿಷೇಧದ ಪಾಲೆಷ್ಟು? ೧೯೩೫ರ ಬ್ರಿಟನ್ನಿನಲ್ಲಿ ನಾವು ಎದುರಿಸಿದ ತೊಡಕೇ ಇಲ್ಲಿಯೂ ಇದೆ. ನಿಷೇಧಕ್ಕೊಳಗಾದ ಬೈಕುಗಳು ಮಾಯವಾಗಲಿಲ್ಲ. ಪಕ್ಕದ ಸೇವಾರಸ್ತೆಗಳಿಗೆ ಹೋದುವು. ಆ ರಸ್ತೆಗಳ ಸಾವುಗಳನ್ನೂ ಕೂಡಿಸಿದಲ್ಲದೆ ಲೆಕ್ಕ ಪೂರ್ತಿಯಾಗದು. ಲೇವ್ ಮತ್ತು ಇಲಿಯಾಸರ ವಾದದಲ್ಲಿ ನಾವು ಉಳಿಸಿಕೊಳ್ಳಬೇಕಾದ ಅಂಶ ಇದೇ.

೭. ನಿರ್ಣಯ

ಮೇಲ್ಕಂಡ ವಿವೇಚನೆಯಿಂದ ನಾವು ಈ ನಿರ್ಣಯಗಳಿಗೆ ಬರಬಹುದಾಗಿದೆ. ಮೊದಲನೆಯದಾಗಿ, ವೇಗಮಿತಿಯಿಂದ ಸಾವುಗಳು ಕಡಮೆಯಾಗುತ್ತವೆ. ಅದು ವಾಸ್ತವವಾದ ವೇಗವನ್ನು ತಗ್ಗಿಸಿದ ಮಟ್ಟಿಗೆ ಮಾತ್ರ. ೧೯೩೦ಕ್ಕೆ ಮುಂಚಿನ ಬ್ರಿಟನ್ನಿನಂತೆ ಯಾರೂ ಪಾಲಿಸದ ಮಿತಿ ಇದ್ದೂ ಇಲ್ಲದಂತೆ. ಎರಡನೆಯದಾಗಿ, ಮಿತಿಯ ಹಿಂದಿನ ಹಾಗೂ ಮುಂದಿನ ವರ್ಷಗಳ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಎತ್ತಿದ ತೀರ್ಮಾನಕ್ಕೆ ಬೆಲೆಯಿಲ್ಲ. ಆ ರೀತಿಯಿಂದ ೧೯೩೧ ಒಂದನ್ನೂ ೧೯೩೫ ಅದಕ್ಕೆ ವಿರುದ್ಧವಾದುದನ್ನೂ ಸಾಧಿಸಿಕೊಡುತ್ತವೆ. ಮೂರನೆಯದಾಗಿ, ಮಿತಿಯ ನಿಜವಾದ ಫಲವು ಅದರ ಪಕ್ಷಪಾತಿಗಳು ಸಾರುವುದಕ್ಕಿಂತ ಚಿಕ್ಕದು. ೧೯೭೪ರ ಒಂಬತ್ತು ಸಾವಿರದಲ್ಲಿ ಅದರ ಪಾಲು ಮೂರರಿಂದ ಐದು ಸಾವಿರ. ಆದರೆ ಒಂದು ಫಲಕದ ಬದಲಾವಣೆಯಿಂದ ಒಂದು ವರ್ಷದಲ್ಲಿ ಮೂರು ಸಾವಿರ ಮಂದಿ ಬದುಕಿದರೆಂಬುದು ಯಾವ ಅಳತೆಯಿಂದಲೂ ಅಲ್ಪವಾದ ಸಂಗತಿಯಲ್ಲ.

ಇನ್ನೂ ಒಂದು ಮಾತು. ವೇಗಮಿತಿಯಿಂದ ಕಳೆದುಹೋದ ನಿಮಿಷಗಳು ಪ್ರತಿಯೊಬ್ಬ ಪ್ರಯಾಣಿಕನ ಅನುಭವಕ್ಕೂ ಬರುತ್ತವೆ; ಅದರಿಂದ ಉಳಿದುಕೊಂಡ ಪ್ರಾಣ ಯಾರದೆಂದು ಯಾರಿಗೂ ತಿಳಿಯದು, ಉಳಿದುಕೊಂಡವನಿಗೂ ತಿಳಿಯದು. ಆದಕಾರಣ ಈ ವಿಷಯದಲ್ಲಿ ಜನಾಭಿಪ್ರಾಯ ನಷ್ಟದ ಕಡೆಗೆ ವಾಲುವುದು ಸಹಜ. ಲಾಭದ ಕಡೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಡುವ ಹೊಣೆ ಅಂಕಿಅಂಶಗಳನ್ನು ಸಂಗ್ರಹಿಸುವ ಇಲಾಖೆಗಳದು. ಅವನ್ನು ಪರಿಶೋಧಿಸುವ ಹೊಣೆ ವಿದ್ವಾಂಸರದು. ನಮ್ಮ ರಾಜ್ಯದ ಹೆದ್ದಾರಿಗಳ ವಿಷಯದಲ್ಲಿ ಇಂಥ ಪರಿಶೋಧನೆಗೆ ಕಾಲೇಜುಗಳ ವಿದ್ಯಾರ್ಥಿಗಳು ಕೈಹಾಕಿದರೆ ಅದರಿಂದ ಶಾಸ್ತ್ರಕ್ಕೂ ನಾಡಿಗೂ ಉಪಕಾರವಾದೀತು.